ಮೈಸೂರಿನಿಂದ ಕಲ್ಲಿಕೋಟೆಗೆ ನಲವತ್ತು ನಿಮಿಷ

...ಅಥವಾ ಆ ಮಾತು ಅತ್ತೆ ಆಡಿದ್ದೇ ಅಲ್ಲವೇನೋ. ನಾನೇ ಆಮೇಲೆ ಅವರ ಬಾಯಿಗೆ ಇಟ್ಟಿರಬಹುದು. (ಅಂಕಣ ಬರೆಯುವವರಿಗೆ ಈ ಚಟ ಇದೆ. ಒಳ್ಳೆಯ ಮಾತನ್ನು ಯಾರೂ ಆಡದಿದ್ದರೆ ಹತ್ತಿರ ಕೂತಿದ್ದವರ ಲೆಕ್ಕಕ್ಕೆ ಬರೆದುಬಿಡುತ್ತೇವೆ.)

ಆದರೂ ನನ್ನ ಕಿವಿಯಲ್ಲಿ ಕೂತಿರುವುದು ಹೀಗೆ.

"ನಲ್ವತ್ತು ನಿಮ್ಷನಾ? ಅಂಗಾರ ಚಾಮ್ರಾಜನಗರಕ್ಕಿಂತ ಕ್ಯಾಲಿಕಟ್ಟೇ ಹತ್ರ ಆಯ್ತಲ್ಲ."

ಹೇಳಿದ್ದು ನನ್ನ ಅತ್ತೆ ಚಿಕ್ಕತಾಯಮ್ಮ. ಜಾಗ, ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ನನ್ನ ಹೆಂಡತಿ ಗೌರಿಯ ತವರು. ನಾವಿರುವುದು ಚಾಮರಾಜನಗರದಲ್ಲಿ. ದಿನ, ಹೋದ ಶನಿವಾರ. ಅತ್ತೆ ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಇಷ್ಟು ಖಚಿತ. ಬೆಳ್ಳುಳ್ಳಿ ಖಚಿತವಾ? ಖಚಿತ. ನನ್ನ ಕೈಗೂ ಒಂದು ಗೆಡ್ಡೆ ಕೊಟ್ಟಿದ್ದರು, ಬಸ್ಸಿನಲ್ಲಿ ವಾಪಸ್ ಬರುವಾಗಲೂ ಬೆರಳು ವಾಸನೆ ಹೊಡೆಯುತ್ತಿತ್ತು.

ನಾವು ಹೋಗಿದ್ದು ಊಟಕ್ಕೆ ಅಂತ. ಹೋದ ಮೇಲೆ ಗೊತ್ತಾಯಿತು, ಪಂಚಾಯಿತಿಗೆ.

ವಿಷಯ ಇಷ್ಟು. ಗೌರಿಯ ತಮ್ಮ ಮಾದೇಶ ಬಾಳೆ, ಚೆಂಡುಹೂವು ಬೆಳೆಯುತ್ತಾನೆ. ಅವನ ಮಗಳು ಕಾವ್ಯ ಮೈಸೂರಿನ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಕೌಂಟರಿನಲ್ಲಿ ಕೂರುತ್ತಾಳೆ. ಬ್ಯಾಗು ತೂಗುವುದು, ಅದಕ್ಕೆ ಚೀಟಿ ಅಂಟಿಸುವುದು, ಏದುಸಿರು ಬಿಡುತ್ತ ತಡವಾಗಿ ಓಡಿಬಂದವರಿಗೆ "ಕೌಂಟರ್ ಕ್ಲೋಸ್ ಆಗಿದೆ ಸರ್" ಎಂದು ನಗುನಗುತ್ತ ಹೇಳುವುದು. ಕೆಲಸ ಗುತ್ತಿಗೆಯದು. ಈಗ ಅವಳ ಕಂಪನಿ ಅವಳನ್ನು ಸೂಪರ್‌ವೈಸರ್ ಮಾಡುತ್ತೇವೆ ಅಂದಿದೆ. ಮೈಸೂರಿನಲ್ಲಲ್ಲ. ಕಲ್ಲಿಕೋಟೆಯಲ್ಲಿ, ಅಂದರೆ ಕ್ಯಾಲಿಕಟ್ಟಿನಲ್ಲಿ. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು.

ಆ ಮನೆಯಲ್ಲಿ ಜಮೀನು ಮಾದೇಶನ ಹೆಸರಿನಲ್ಲಿದೆ. ಮಾತು ಮಾತ್ರ ಅತ್ತೆಯ ಹೆಸರಿನಲ್ಲಿ. ಹೂಂ ಅನ್ನಬೇಕಾದವರು ಅವರು.

ಅತ್ತೆ ಹಳೆಯ ಕಾಲದವರು, ಹೆಣ್ಣುಮಕ್ಕಳನ್ನು ಹೊರಗೆ ಕಳಿಸಲಾರರು ಅಂದುಕೊಂಡಿರಾ? ತಪ್ಪು. ಕಾವ್ಯ ಮೈಸೂರಿಗೆ ಹೊರಟಾಗ ಪಿ.ಜಿ.ಗೆ ಅಡ್ವಾನ್ಸ್ ಕೊಟ್ಟವರೇ ಅವರು. ಯೂನಿಫಾರ್ಮಿನ ಫೋಟೋಕ್ಕೆ ಚೌಕಟ್ಟು ಹಾಕಿಸಿದವರೂ ಅವರೇ. ಅವರದು ಒಂದೇ ಪ್ರಶ್ನೆ. ಊರು ಎಷ್ಟು ದೂರ? ಆ ದೂರವನ್ನು ಅವರು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ.

"ಸಾವು ನೋವ್ಗ ಆಗೋ ದೂರನಾ, ಅಲ್ವಾ? ಅದ್ ಯೋಳಿ."

ಇದು ನಮ್ಮ ಕಡೆಯ ಹಳೆಯ ಅಳತೆ. ಮನೆಯಲ್ಲಿ ಯಾರಾದರೂ ಹೋದರೆ ಹೆಣ್ಣುಮಕ್ಕಳು ಬರಬೇಕು. ಮುಖ ನೋಡಬೇಕು. ಬಾಯಿಗೆ ಎರಡು ಹನಿ ನೀರು ಬಿಡಬೇಕು. ಆಮೇಲೆಯೇ ಎತ್ತುವುದು. ಎತ್ತುವುದು ಹೊತ್ತು ಮುಳುಗುವುದರೊಳಗೆ. ಸುದ್ದಿ ಮುಟ್ಟಿದ ಗಳಿಗೆಗೂ ಹೆಣ ಎತ್ತುವ ಗಳಿಗೆಗೂ ನಡುವೆ ಎಷ್ಟು ದೂರ ಬರಬಹುದೋ ಅಷ್ಟರೊಳಗೆ ಮಗಳನ್ನು ಕೊಡಬೇಕು, ಕಳಿಸಬೇಕು. ಅದರಾಚೆಗಿನದು ದೂರ. ಅದರ ಈಚೆಗಿನದೆಲ್ಲ ಹತ್ತಿರ.

ನನ್ನನ್ನೂ ಇದೇ ಅಳತೆಗೋಲಿನಲ್ಲಿ ಅಳೆದರು. ನನ್ನ ಓದು, ಕೆಲಸ, ಜಾತಕ ಎಲ್ಲ ಆಮೇಲೆ ಬಂತು. ಹೆಣ್ಣು ನೋಡಲು ಹೋದ ದಿನ ಕೇಳಿದ ಮೊದಲ ಪ್ರಶ್ನೆ: ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬೆಳಗಿನ ಮೊದಲ ಬಸ್ಸು ಎಷ್ಟೊತ್ತಿಗೆ? ನನಗೆ ಗೊತ್ತಿತ್ತು. ಪಾಸಾದೆ.

ಈಗ ಕಾವ್ಯಳ ಸರದಿ. ಅವಳು ಮೊಬೈಲ್ ತೆಗೆದಳು.

ಇಂಥ ಪುಟಗಳನ್ನು ನೀವೂ ನೋಡಿರುತ್ತೀರಿ. ಎರಡು ಊರುಗಳ ಹೆಸರು ಹಾಕಿದರೆ ಸಾಕು. ನಕ್ಷೆಯ ಮೇಲೆ ನೇರವಾಗಿ ಒಂದು ಗೆರೆ ಎಳೆದು, ದೂರ ಇಷ್ಟು, ಹಾರುವ ಹೊತ್ತು ಇಷ್ಟು ಅನ್ನುತ್ತದೆ. ಮೈಸೂರು ಒಂದು ಕಡೆ, ಕಲ್ಲಿಕೋಟೆ ಇನ್ನೊಂದು ಕಡೆ. ನೂರ ನಲವತ್ತು ಚಿಲ್ಲರೆ ಕಿಲೋಮೀಟರ್. ನಲವತ್ತು ನಿಮಿಷ. ಎರಡೂ ಊರುಗಳ ಗಡಿಯಾರದಲ್ಲಿ ವ್ಯತ್ಯಾಸವಿಲ್ಲ ಎಂಬ ಮಾಹಿತಿಯನ್ನೂ ಪಾಪ ಕೊಟ್ಟಿತ್ತು.

ಅತ್ತೆಗೆ ಓದಿ ಹೇಳಿದಳು. ಆಗ ಅತ್ತೆ ಅಂದರು (ಅಥವಾ ಅಂದಿರಬೇಕು ಎಂದು ನನಗನ್ನಿಸುತ್ತದೆ), ಚಾಮರಾಜನಗರಕ್ಕಿಂತ ಹತ್ತಿರ ಆಯ್ತಲ್ಲ ಅಂತ.

ಅವರ ಲೆಕ್ಕ ಸರಿಯಾಗಿಯೇ ಇತ್ತು. ನಮ್ಮ ಬಸ್ಸು ಮೊದಲಿಗೇ ನಿಧಾನ. ಅದರ ಮೇಲೆ ತೆರಕಣಾಂಬಿಯಲ್ಲಿ ಇಳಿಯುವವರು ಇಳಿದು, ಹತ್ತುವವರು ಹತ್ತಿ, ಕಂಡಕ್ಟರ್ ಟೀ ಕುಡಿದು ಬರುವಷ್ಟರಲ್ಲಿ ನಲವತ್ತು ನಿಮಿಷ ಯಾವ ಮೂಲೆಗೆ?

ಕೆಡಿಸಿದವನು ಮಾದೇಶ. ಬಾಗಿಲಿಗೆ ಒರಗಿ ಸುಮ್ಮನೆ ನಿಂತಿದ್ದವನು ಕೇಳಿದ.

"ಯಾವ ಪ್ಲೇನಮ್ಮಿ ಅದು? ಎಷ್ಟೊತ್ಗ ಅದ?"

ಕಾವ್ಯ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಪ್ಲೇನ್ ಇಲ್ಲಪ್ಪ."

"ಇಲ್ವಾ?"

"ಮೈಸೂರಿಂದ ಕ್ಯಾಲಿಕಟ್ಗೆ ನೇರ ಫ್ಲೈಟ್ ಇಲ್ಲ. ಇದ್ದಿದ್ರೆ ಅಷ್ಟು ಹೊತ್ತು ಹಿಡೀತಿತ್ತು ಅಂತ."

"ಇಲ್ದಿರೋ ಪ್ಲೇನು ನಲ್ವತ್ತು ನಿಮ್ಷಕ್ಕ ಎಂಗಮ್ಮಿ ಓಯ್ತದ?"

ಕಾವ್ಯ ನನ್ನ ಮುಖ ನೋಡಿದಳು. ನಾನು ಬೆಳ್ಳುಳ್ಳಿ ನೋಡಿದೆ.

ಆಮೇಲೆ ಮನೆಗೆ ಬಂದು ನಾನೂ ಆ ಪುಟದಲ್ಲಿ ಆಟವಾಡಿದೆ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಎಂದು ಹಾಕಿದೆ. ಮೂವತ್ತು ಕಿಲೋಮೀಟರ್ ಆಸುಪಾಸು ಅಂದಿತು, ಹಾರಲು ಕೆಲವೇ ನಿಮಿಷ ಅಂದಿತು. ಇಳಿಯುವುದೆಲ್ಲಿ ಸ್ವಾಮಿ, ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಾ? ಅದಕ್ಕೆ ಅದರ ಚಿಂತೆ ಇಲ್ಲ. ಎರಡು ಚುಕ್ಕಿ ಕೊಟ್ಟರೆ ಗೆರೆ ಎಳೆಯುವುದು ಅದರ ಕೆಲಸ. ಇನ್ನೊಂದು ತಮಾಷೆ. ಮೈಸೂರಿನಿಂದ ಕಲ್ಲಿಕೋಟೆಗೆ ಎಳೆದ ಆ ಗೆರೆ ಗುಂಡ್ಲುಪೇಟೆ ತಾಲ್ಲೂಕಿನ ರಸ್ತೆಯನ್ನು ಮುಟ್ಟುವುದೂ ಇಲ್ಲ. ಎಚ್.ಡಿ. ಕೋಟೆಯ ಕಡೆ ವಾಲಿಕೊಂಡು ಕಾಡಿನ ಮೇಲೆ ಹಾದುಹೋಗುತ್ತದೆ. ನಾವು ಆ ದೂರದಲ್ಲಿ ಇಲ್ಲವೇ ಇಲ್ಲ.

ಇರಲಿ. ಜಗಲಿಗೆ ವಾಪಸ್ ಬನ್ನಿ.

"ರೋಡಲ್ಲಿ ಎಷ್ಟೊತ್ಲಾ?" ಅತ್ತೆ ಮಗನನ್ನು ಕೇಳಿದರು.

ಮಾದೇಶನಿಗೆ ಆ ರಸ್ತೆ ಬಾಯಿಪಾಠ. ಬಾಳೆಗೊನೆ ಹೇರಿಕೊಂಡು ಓಡಾಡುವವನು. "ಐದು ಗಂಟ ಹಿಡ್ಕೊ. ತಾಮರಶ್ಶೇರಿ ಘಾಟಲ್ಲಿ ಜಾಮ್ ಆಯ್ತು ಅನ್ನು, ಅಲ್ಲೇ ಅಡ್ಗ ಮಾಡ್ಕೊಂಡು ಉಣ್ಬೇಕು."

"ಗೇಟ್ ಬಿದ್ಬುಟ್ಟಿದ್ರ?"

ಮಾದೇಶ ತಲೆ ತಗ್ಗಿಸಿ ಅಲ್ಲೇ ಕೂತ.

ಗೇಟಿನ ವಿಷಯ ದೂರದ ಓದುಗರಿಗೆ ಹೇಳಬೇಕು. ಗುಂಡ್ಲುಪೇಟೆ ದಾಟಿ ಕೇರಳಕ್ಕೆ ಹೋಗುವ ರಸ್ತೆ ಬಂಡೀಪುರದ ಕಾಡಿನೊಳಗೆ ಹಾದುಹೋಗುತ್ತದೆ. ರಾತ್ರಿ ಒಂಬತ್ತಕ್ಕೆ ಈ ಕಡೆಯ ಚೆಕ್‌ಪೋಸ್ಟಿನಲ್ಲೂ ಕೇರಳದ ಮುತ್ತಂಗದ ಕಡೆಯೂ ಗೇಟು ಬೀಳುತ್ತದೆ. ಪ್ರಾಣಿಗಳು ನೆಮ್ಮದಿಯಾಗಿ ಓಡಾಡಲಿ ಅಂತ. ಏಳುವುದು ಬೆಳಿಗ್ಗೆ ಆರಕ್ಕೆ. ಆಂಬುಲೆನ್ಸು, ಬೆರಳೆಣಿಕೆಯ ಬಸ್ಸು ಬಿಟ್ಟರೆ ಮಿಕ್ಕವರು ಕಾಯಬೇಕು. ಹಾಗಾಗಿ ನಮ್ಮ ಕಡೆ ಕೇರಳ ಎಷ್ಟು ದೂರ ಎಂದು ಯಾರೂ ಕೇಳುವುದಿಲ್ಲ. ಗೇಟ್ ಬೀಳುವುದರೊಳಗೆ ಆಗುತ್ತಾ ಎಂದು ಕೇಳುತ್ತಾರೆ.

ಅತ್ತೆ ಬೆಳ್ಳುಳ್ಳಿ ಕೆಳಗಿಟ್ಟರು. ನಮಗೆಲ್ಲ ಗೊತ್ತಾಯಿತು, ಈಗ ಆ ಕತೆ ಬರುತ್ತದೆ ಅಂತ.

"ನಮ್ಮವ್ವ ಸತ್ತಾಗ ಏನಾಯ್ತು? ನಮ್ಮಕ್ಕ ಗೇಟಾಚ ನಿಂತ್ಕಂಡು ರಾತ್ರೆಲ್ಲ ಅತ್ತ್ಲು. ಗೇಟ್ ತಗ್ದು ಅವ್ಳು ಬರೋ ಹೊತ್ಗ ಮಣ್ಣು ಮಾಡಿ ಎಲ್ಲಾರೂ ಮಿಂದಿದ್ರು. ಮುಖ ಸಿಕ್ನಿಲ್ಲ. ನಂಗೂ ಅಂಗೇ ಆಗ್ಬೇಕಾ? ಅಳಿಯಂದ್ರೇ, ನೀವೇ ಯೋಳಿ."

ಅತ್ತೆಯ ಅಕ್ಕ ದೊಡ್ಡತಾಯಮ್ಮನನ್ನು ಕಾಡಿನಾಚೆ, ಸುಲ್ತಾನ್ ಬತ್ತೇರಿಯ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿತ್ತು. ತಾಯಿ ತೀರಿಕೊಂಡಾಗ ಅವರು ಸಮಯಕ್ಕೆ ಬರಲಾಗಲಿಲ್ಲ. ಈ ಕತೆ ಆ ಮನೆಯ ಮಕ್ಕಳಿಗೆಲ್ಲ ಬಾಯಿಗೆ ಬರುತ್ತದೆ. ನನಗೂ ಬರುತ್ತದೆ. ಮದುವೆಗಳಲ್ಲಿ, ಬಸ್ಸಿನಲ್ಲಿ, ಯಾರಾದರೂ ಗೇಟಿನ ಮಾತೆತ್ತಿದಾಗ ನಾನೇ ಹೇಳಿದ್ದೇನೆ. ಈ ಅಂಕಣದಲ್ಲೂ ಒಮ್ಮೆ ಬರೆದಿದ್ದೆನೋ, ಬರೆಯಬೇಕು ಅಂದುಕೊಂಡು ಬಿಟ್ಟೆನೋ, ನೆನಪಿಲ್ಲ. ನನ್ನ ಹೇಳಿಕೆಯಲ್ಲಿ ಒಂದು ಆನೆಯೂ ಬರುತ್ತಿತ್ತು. ಗೇಟಿನಾಚೆ ಹೆಂಗಸು, ಈಚೆ ಆನೆ. ಅದನ್ನು ಸೇರಿಸಿದವನು ನಾನೇ ಇರಬೇಕು.

ಅತ್ತೆ ತೀರ್ಪು ಕೊಟ್ಟರು. "ಬ್ಯಾಡ."

ಕಾವ್ಯ ಅಳಲಿಲ್ಲ, ವಾದಿಸಲಿಲ್ಲ. ಮೊಬೈಲು ಚಾರ್ಜಿಗೆ ಹಾಕಿ ಒಳಗೆ ಹೋದಳು. ನಮ್ಮನ್ನು ಬಸ್ಸಿಗೆ ಬಿಡಲು ಬಂದಾಗ ಮಾತ್ರ ಒಂದು ಮಾತು ಹೇಳಿದಳು. "ಮಾವ, ಈಗ ಬೇಡ ಅಂದ್ರೆ ಇನ್ನೊಂದ್ಸಲ ಕೇಳಲ್ಲ ಅವ್ರು. ಮೈಸೂರಲ್ಲಿ ಜನ ಜಾಸ್ತಿ ಆಗವ್ರೆ ಅಂತ ಆಗ್ಲೇ ಅಂತಾವ್ರೆ. ಕಾಂಟ್ರಾಕ್ಟ್ ಮುಗಿದ್ಮೇಲೆ ನಾನು ಮನೆಗೇ ಬರೋದು."

ಬಸ್ಸು ಹೊರಟಿತು. ತೆರಕಣಾಂಬಿಯಲ್ಲಿ ನಿಂತಿತು. ಕಂಡಕ್ಟರ್ ಟೀಗೆ ಇಳಿದ. ಅಲ್ಲಿಯವರೆಗೆ ಕಿಟಕಿಯಾಚೆ ನೋಡುತ್ತ ಕೂತಿದ್ದ ಗೌರಿ ಇದ್ದಕ್ಕಿದ್ದಂತೆ ಕೇಳಿದಳು.

"ರೀ, ನಮ್ಮಜ್ಜಿ ತೀರ್ಕೊಂಡಾಗ ಗೇಟ್ ಎಲ್ಲಿತ್ತು?"

"ಮುತ್ತಂಗದಲ್ಲಿ."

"ಅದಲ್ಲ. ನಾನಾಗ ಎಸ್ಸೆಸ್ಸೆಲ್ಸಿ. ಪರೀಕ್ಷೆಗೆ ಓದೋಕಾಗ್ಲಿಲ್ಲ ಅಂತ ಅತ್ತಿದ್ದು ನಂಗೆ ನೆನಪಿದೆ. ಆಗ ರಾತ್ರಿ ಗೇಟ್ ಹಾಕ್ತಿದ್ರಾ?"

ಹಾಕುತ್ತಿರಲಿಲ್ಲ.

ರಾತ್ರಿ ಸಂಚಾರ ನಿಲ್ಲಿಸಿ ಇನ್ನೂ ಇಪ್ಪತ್ತು ವರ್ಷವಾಗಿಲ್ಲ. ಗೌರಿಯ ಎಸ್ಸೆಸ್ಸೆಲ್ಸಿಗೆ ಮೂವತ್ತರ ಮೇಲಾಯಿತು. ಆ ರಾತ್ರಿ ಆ ರಸ್ತೆಯಲ್ಲಿ ಲಾರಿ ಓಡಾಡಿವೆ, ಬಸ್ಸು ಓಡಾಡಿವೆ. ದೊಡ್ಡತಾಯಮ್ಮ ಮಾತ್ರ ಇನ್ನೂ ಬಂದೇ ಇಲ್ಲದ ಗೇಟಿನಾಚೆ ನಿಂತು ಬೆಳಗಿನವರೆಗೆ ಅತ್ತಿದ್ದಾರೆ.

ಇಷ್ಟು ವರ್ಷ ಯಾರಿಗೂ ಇದು ಹೊಳೆದಿರಲಿಲ್ಲವೇ? ಹೊಳೆಯುವುದಾದರೂ ಹೇಗೆ? ಕತೆ ಅಷ್ಟು ಚೆನ್ನಾಗಿ ಕೂತಿತ್ತು. ಇಲ್ಲದ ವಿಮಾನ ನಲವತ್ತು ನಿಮಿಷದಲ್ಲಿ ಹೋಗುತ್ತದೆ ಎಂದರೆ ಮಾದೇಶ ನಗುತ್ತಾನೆ. ಇಲ್ಲದ ಗೇಟು ಒಂಬತ್ತಕ್ಕೆ ಬಿತ್ತು ಎಂದರೆ ಅದೇ ಮಾದೇಶ ತಲೆ ತಗ್ಗಿಸಿ ಕೂರುತ್ತಾನೆ. ನಾನಂತೂ ಅದಕ್ಕೆ ಆನೆ ಒದಗಿಸಿದ್ದೇನೆ.

ಮನೆಗೆ ಬಂದು ಕಾವ್ಯಳಿಗೆ ಫೋನು ಮಾಡಿದೆ. ಅವಳು ಎಲ್ಲ ಕೇಳಿಸಿಕೊಂಡು, "ಅಜ್ಜಿಗೆ ನೀವೇ ಹೇಳಿ ಮಾವ" ಅಂದಳು. ನಾನೊಲ್ಲೆ. ಮೂವತ್ತು ವರ್ಷದ ದುಃಖದ ಲೆಕ್ಕ ತಪ್ಪಿದೆ ಎಂದು ಫೋನಿನಲ್ಲಿ ಹೇಳಲು ನಾನು ಯಾರು? ಫೋನು ಗೌರಿಯ ಕೈಗೆ ಹೋಯಿತು. ಅವಳು ತಾಯಿಗೆ ಹೇಳಿದಳು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸುವಷ್ಟು ಜೋರಾಗಿತ್ತು.

"ಗೇಟಿರ್ನಿಲ್ವಾ? ಅಂಗಾರ ನಾ ಸುಳ್ಳು ಯೋಳ್ತಿದ್ದನಾ? ನಾಳ ಬನ್ನಿ ಎಲ್ಲಾರೂವ. ನಮ್ಮಕ್ಕನ ಬಾಯ್ಲೇ ಕೇಳನ."

ಭಾನುವಾರ ಬೆಳಿಗ್ಗೆ ಹೊರಟೆವು. ಬಾಡಿಗೆ ಕಾರು. ಮಾದೇಶ ಸ್ಟಿಯರಿಂಗಿಗೆ, ಪಕ್ಕದಲ್ಲಿ ನಾನು, ಹಿಂದೆ ಮೂರು ತಲೆಮಾರಿನ ಹೆಂಗಸರು. ಅತ್ತೆ ಹೊಸ ಸೀರೆ ಉಟ್ಟಿದ್ದರು. ಕೇಸು ಗೆದ್ದೇ ಗೆಲ್ಲುತ್ತೇನೆ ಎಂದು ಕೋರ್ಟಿಗೆ ಹೊರಟವರ ಗತ್ತು. ಚೆಕ್‌ಪೋಸ್ಟು ದಾಟುವಾಗ ಕಿಟಕಿಯಿಂದ ಕೈ ತೋರಿಸಿ, "ನೋಡಿ ಅಳಿಯಂದ್ರೇ, ಗೇಟು. ಅದ ಅಲ್ವಾ?" ಅಂದರು.

ಇದೆ. ಈಗ ಇದೆ.

ಎಡಕ್ಕೂ ಬಲಕ್ಕೂ ಕಾಡು. ಗಾಡಿಗಳೆಲ್ಲ ಒಂದು ಕಡೆ ನಿಧಾನಿಸಿದವು, ಜಿಂಕೆಗಳಿದ್ದವು. ಅತ್ತ ಮುತ್ತಂಗ, ಬೋರ್ಡುಗಳೆಲ್ಲ ಮಲಯಾಳಂ. ಕಾವ್ಯ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಸದ್ದಿಲ್ಲದೆ ಯಾವಾಗ ಕಲಿಯಲು ಶುರು ಮಾಡಿದಳೋ.

ದೊಡ್ಡತಾಯಮ್ಮ ಅಂಗಳದಲ್ಲಿ ಕಾಳುಮೆಣಸು ಹರಡುತ್ತಿದ್ದರು. ತಂಗಿಯನ್ನು ಕಂಡು ಕೈ ಒರೆಸಿಕೊಂಡು ಎದ್ದರು. ಇಬ್ಬರೂ ಒಂದೇ ಅಚ್ಚು, ಅಕ್ಕ ಸ್ವಲ್ಪ ಸಣ್ಣ. ಹಾಲಿಲ್ಲದ ಕಟ್ಟನ್ ಚಾಯ ಬಂತು, ಬಾಳೆಕಾಯಿ ಚಿಪ್ಸ್ ಬಂತು. ಯಾರು ಬಸುರಿ, ಯಾರಿಗೆ ಆಪರೇಷನ್, ಯಾರು ಮನೆ ಕಟ್ಟಿಸಿದರು ಎಲ್ಲ ಮುಗಿಯಿತು. ಅತ್ತೆ ತಡೆದುಕೊಳ್ಳಲಿಲ್ಲ.

"ಅಕ್ಕ, ಇವ್ರ್ಗ ಯೋಳು. ಅವ್ವ ಸತ್ತಾಗ ನೀನು ಗೇಟಲ್ಲಿ ನಿಂತಿದ್ದು."

"ಯಾವ ಗೇಟಮ್ಮಿ?"

"ಮುತ್ತಂಗದ್ದು."

"ಅವತ್ತು ಗೇಟೆಲ್ಲಿತ್ತು? ರಾತ್ರೆಲ್ಲ ಲಾರಿ ಓಡಾಡವು."

ಅತ್ತೆ ನಮ್ಮ ಕಡೆ ನೋಡಲಿಲ್ಲ. "ಅಂಗಾರ ಬಸ್ಸು ಕೆಟ್ಟಿತ್ತಾ?"

"ಇಲ್ಲ ಕಣ. ಸುದ್ದಿ ಬಂದದ್ದು ಸಂಜಿಗ. ಬತ್ತೇರಿ ಬಸ್‌ಸ್ಟ್ಯಾಂಡ್ಗ ಬಂದಿ. ಮೈಸೂರು ಬಸ್ಸು ನಿಂತಿತ್ತು. ಹತ್ಲಿಲ್ಲ."

"ಹತ್ಲಿಲ್ವಾ?"

"ಇಲ್ಲ."

ಮಾದೇಶ ಚಿಪ್ಸಿನ ತಟ್ಟೆಯಿಂದ ಕೈ ತೆಗೆದ.

"ಯಾಕಕ್ಕ?"

ದೊಡ್ಡತಾಯಮ್ಮ ಯೋಚಿಸಿದರು. ನಿಜವಾಗಿ ಯೋಚಿಸಿದರು, ಹಣೆ ಗಂಟು ಹಾಕಿಕೊಂಡು. "ಕೂಸ್ಗ ಜ್ವರ ಇತ್ತು. ಎಳೇ ಕೂಸು, ಎತ್ಕಂಡು ಎಂಗ್ ಬರದು?"

ಗೌರಿ ಮೆಲ್ಲಗೆ, "ದೊಡ್ಡವ್ವ, ನಿಮ್ಮ ಮಗಳು ಮಣಿ ಹುಟ್ಟಿದ್ದೇ ಅಜ್ಜಿ ತೀರ್ಕೊಂಡ ಮೇಲಲ್ವಾ? ಅಜ್ಜಿ ಹೆಸ್ರೇ ಇಡ್ಬೇಕು ಅಂತ ಮಣಿಯಮ್ಮ ಅಂತ ಇಟ್ರಿ" ಅಂದಳು.

"ಹೌದಲ್ವಾ?" ಅವರೂ ಬೆರಗಾದರು. "ಅಂಗಾರ ಜ್ವರ ನನ್ಗೇ ಇತ್ತೇನೋ. ಇಲ್ಲ ನಿಮ್ಮ ದೊಡ್ಡಪ್ಪ ಬ್ಯಾಡ ಅಂದ್ರೇನೋ. ಬಸ್ಸು ಕಣ್ಮುಂದ ಅದ. ಕೆಂಪು ಬಸ್ಸು. ಡ್ರೈವರು ಹಾರನ್ ಮಾಡ್ದ. ಹತ್ಲಿಲ್ಲ ಅನ್ನದೂ ಗ್ಯಾನ ಅದ. ಯಾಕ ಅನ್ನದು ಬತ್ತಾ ಇಲ್ಲ ಕಣಮ್ಮಿ."

ಅತ್ತೆಯ ದನಿ ಎಂದೂ ಇಳಿಯದು. ಆವತ್ತು ಇಳಿಯಿತು.

"ಹೊತ್ತು ಮುಳುಗಿದ್ರೂ ನಾ ಅವ್ವನ್ನ ಎತ್ತಾಕ ಬುಡ್ನಿಲ್ಲ. ನಮ್ಮಕ್ಕ ಬತ್ತಳ ಬತ್ತಳ ಅಂತ ಬಾಗ್ಲಿಗ ಅಡ್ಡ ಕುಂತ್ಬುಟ್ಟಿದ್ದಿ. ಚಿಕ್ಕಪ್ಪದೀರ ಕೈಲಿ ಎಷ್ಟು ಬಯ್ಸ್ಕಂಡಿ ಗೊತ್ತಾ?"

"ಗೊತ್ತು ಕಣ. ಯಾರೋ ಯೋಳಿದ್ರು."

"ಮತ್ತ?"

"ಮತ್ತೇನು? ಚಾಯ ಆರೋಯ್ತದ, ಕುಡಿ."

ಕುಡಿದರು. ಇಬ್ಬರೂ ಅಕ್ಕಪಕ್ಕ ಕೂತು ಕಪ್ಪು ಚಹಾ ಕುಡಿದರು. ಜಗಳವಾಗುತ್ತದೆ ಎಂದು ನಾನು ಕಾದೆ. ಆಗಲಿಲ್ಲ. ಅಪ್ಪಿಕೊಂಡು ಅಳುತ್ತಾರೆ ಎಂದು ಕಾದೆ. ಅದೂ ಆಗಲಿಲ್ಲ. ಹೊರಡುವಾಗ ಅಕ್ಕ ತಂಗಿಗೆ ಒಂದು ಚೀಲ ಮೆಣಸು ಕೊಟ್ಟರು. ತಂಗಿ ತೆಗೆದುಕೊಂಡರು. ಅಷ್ಟೇ.

ಹಾಗಾದರೆ ಗೇಟು ಎಲ್ಲಿಂದ ಬಂತು? ನನ್ನ ಊಹೆ ಇದು. ಅಕ್ಕ ಬರಲಿಲ್ಲ ಎಂದು ನೆಂಟರು ಆಡಿಕೊಳ್ಳಲು ಶುರು ಮಾಡಿದಾಗ ತಂಗಿ ಅಡ್ಡ ನಿಂತಿರಬೇಕು. ಮೊದಲು ಬಸ್ಸು ಕೆಟ್ಟಿತ್ತು ಅಂದಿರಬಹುದು. ಸುದ್ದಿ ತಡವಾಗಿ ಮುಟ್ಟಿತು ಅಂದಿರಬಹುದು. ಆಮೇಲೆ ಯಾವಾಗಲೋ ಸರ್ಕಾರ ನಿಜವಾದ ಗೇಟು ಹಾಕಿತು. ಎಲ್ಲರೂ ನಂಬುವಂಥ ಗಟ್ಟಿ ಕಾರಣ, ಅದೂ ಕಬ್ಬಿಣದ್ದು. ಕತೆ ಹೋಗಿ ಅದಕ್ಕೆ ಒರಗಿಕೊಂಡಿತು. ಕಾಲಕ್ರಮೇಣ ಅತ್ತೆಗೂ ಅದೇ ನಿಜವಾಯಿತು. (ಇದೂ ನಾನು ಎಳೆಯುತ್ತಿರುವ ಗೆರೆ. ಎರಡು ಚುಕ್ಕಿ ಸಿಕ್ಕರೆ ನಾನೂ ಸುಮ್ಮನಿರಲಾರೆ.)

ನಾವೆಲ್ಲ ಹೀಗೇ ಅಲ್ಲವೇ? ಮದುವೆಗೆ ಹೋಗಲಿಲ್ಲ, ಟ್ರಾಫಿಕ್ ಇತ್ತು ಅನ್ನುತ್ತೇವೆ. ಆಸ್ಪತ್ರೆಗೆ ಹೋಗಿ ನೋಡಲಿಲ್ಲ, ದೂರ ಆಯ್ತು ಅನ್ನುತ್ತೇವೆ. ಮೊಬೈಲಿನಲ್ಲಿ ದಾರಿ ತೋರಿಸುವ ಆ ನೀಲಿ ಗೆರೆ ಎಷ್ಟು ಹೊತ್ತಾಗುತ್ತದೆ ಎಂದು ನಿಮಿಷ ಸಮೇತ ಹೇಳುತ್ತದೆ. ಹೊರಡುತ್ತೀಯಾ ಎಂದು ಅದು ಕೇಳುವುದಿಲ್ಲ. ಕೇಳಿದರೆ ನಮ್ಮಲ್ಲಿ ಅರ್ಧ ಜನ ಆ ಆ್ಯಪನ್ನೇ ತೆಗೆದುಹಾಕುತ್ತೇವೆ.

ವಾಪಸ್ ಹೊರಟೆವು. ಹೊತ್ತು ಇನ್ನೂ ಇತ್ತು, ಗೇಟು ಬೀಳಲು ಬಹಳ ಸಮಯವಿತ್ತು. ಆದರೂ ಮಾದೇಶ ಅಭ್ಯಾಸಬಲದಿಂದ ಗಡಿಯಾರ ನೋಡಿಕೊಳ್ಳುತ್ತಿದ್ದ. ಮೆಣಸಿನ ವಾಸನೆ ಕಾರು ತುಂಬಿತ್ತು. ಮುತ್ತಂಗ ದಾಟಿ ಕಾಡು ಶುರುವಾದ ಮೇಲೆ ಅತ್ತೆ ಬಾಯಿಬಿಟ್ಟರು.

"ಕಾವ್ಯಾ."

"ಏನಜ್ಜಿ?"

"ನಂಗೇನಾದ್ರು ಆಗಿ ಸುದ್ದಿ ಬಂತು ಅನ್ನು. ಬಸ್ಸು ಹತ್ತೀಯಾ?"

"ಹತ್ತೀನಿ ಅಜ್ಜಿ."

"ನಿಂಗ ಡ್ಯೂಟಿ ಇದ್ರ?"

"ಡ್ಯೂಟಿ ಬಿಟ್ಟು ಹತ್ತೀನಿ."

"ಗೇಟ್ ಬಿದ್ಬುಟ್ಟಿದ್ರ?"

ಕನ್ನಡಿಯಲ್ಲಿ ನನಗೆ ಕಾವ್ಯಳ ಮುಖ ಕಾಣುತ್ತಿತ್ತು. ದಿನವಿಡೀ ತಡವಾಗಿ ಬಂದವರನ್ನು ನೋಡುವ ಹುಡುಗಿ. ಯಾರು ನಿಜವಾಗಿ ಓಡಿಬಂದವರು, ಯಾರು ಬಾಗಿಲ ಹತ್ತಿರ ಬಂದು ಓಡುವಂತೆ ಮಾಡುವವರು ಎಂದು ಅವಳಿಗೆ ಗೊತ್ತಿರಬೇಕು.

"ಗೇಟಿನ ಹತ್ರಾನೇ ನಿಂತಿರ್ತೀನಿ. ತೆಗೆಯೋಗಂಟ."

"ರಾತ್ರೆಲ್ಲ?"

"ರಾತ್ರಿಯೆಲ್ಲ."

"ಅಷ್ಟು ಹೊತ್ಗ ನನ್ನ ಎತ್ಬುಟ್ಟಿದ್ರ?"

"ಎತ್ತಿದ್ರೆ ಎತ್ಲಿ. ನಾನು ಅಲ್ಲಿ ನಿಂತಿದ್ದೆ ಅಂತ ನಿಂಗೆ ಗೊತ್ತಿರ್ತದಲ್ಲ."

ಅತ್ತೆ ಕಿಟಕಿಯ ಕಡೆ ತಿರುಗಿದರು. ಕಾಡು ಹಿಂದಕ್ಕೆ ಓಡುತ್ತಿತ್ತು. ನಮ್ಮ ಕಡೆಯ ಚೆಕ್‌ಪೋಸ್ಟು ಕಂಡಿತು. ತೆರೆದ ಗೇಟು ಮೇಲಕ್ಕೆ ಎದ್ದು ನಿಂತಿತ್ತು. ದಾಟಿದ ಮೇಲೆ ಅವರು ಹೇಳಿದರು.

"ಓಗು. ಬರದ್ಕಳಿಸು ನಾಳ, ಬತ್ತೀನಿ ಅಂತ."

ಮಾದೇಶ ಗೇರು ಬದಲಿಸಿದ. ಗೌರಿ ಕಾವ್ಯಳ ಮೊಣಕಾಲಿನ ಮೇಲೆ ಕೈ ಇಟ್ಟಳು. ಅತ್ತೆ ಅಷ್ಟಕ್ಕೇ ಬಿಡುವವರಲ್ಲ.

"ಇನ್ನೊಂದು. ಆ ನಲ್ವತ್ತು ನಿಮ್ಷದ ಪ್ಲೇನು ಯಾವತ್ತಾದ್ರು ಬುಟ್ರ ನಂಗ ಯೋಳು. ನಾನೇ ಬಂದು ನೋಡ್ಕಂಡು ಓಯ್ತಿನಿ."

"ನಿನ್ ಬ್ಯಾಗ್ ನಾನೇ ತೂಗ್ತೀನಿ ಅಜ್ಜಿ."

"ತೂಗು. ಮೆಣಸು ತರ್ತೀನಿ, ತೂಕ ಜಾಸ್ತಿ ಅನ್ಬ್ಯಾಡ."

ಸೋಮವಾರ ಕಾವ್ಯ ಕಂಪನಿಗೆ ಒಪ್ಪಿಗೆ ಕಳಿಸಿದಳು. ನನಗೂ ಒಂದು ಮೆಸೇಜು ಬಂತು. ಎತ್ತಿದ ಹೆಬ್ಬೆರಳು, ಪಕ್ಕದಲ್ಲಿ ಒಂದು ಪುಟ್ಟ ವಿಮಾನ.

ಇದನ್ನು ಬರೆದು ಮುಗಿಸಿ ಗೌರಿಗೆ ಓದಿ ಹೇಳಿದೆ. ಅತ್ತೆ ಕಾರಿನಲ್ಲಿ ಹೇಳಿದ ಮಾತುಗಳ ಕ್ರಮ ಇದಲ್ಲ ಅಂದಳು. ಗೇಟು ದಾಟುವ ಮೊದಲೇ "ಓಗು" ಅಂದರಂತೆ. ಇರಬಹುದು. ಬೆಳ್ಳುಳ್ಳಿಯೂ ಅಲ್ಲವಂತೆ, ಸಾಂಬಾರ್ ಈರುಳ್ಳಿಯಂತೆ. ನಾನು ಬೆರಳು ಮೂಸಿ ನೋಡಿಕೊಂಡೆ. ಏನೂ ತಿಳಿಯಲಿಲ್ಲ. ಇವೆಲ್ಲ ಹೇಗಿದ್ದರೂ ನಡೆಯುತ್ತದೆ. ಕಾವ್ಯ ಹೋಗುತ್ತಿದ್ದಾಳೆ.

ಆದರೆ ಆ ಸಂಜೆ, ಗೇಟಿಲ್ಲದ ರಸ್ತೆಯಲ್ಲಿ, ಎದುರಿಗೆ ನಿಂತಿದ್ದ ಬಸ್ಸನ್ನು ದೊಡ್ಡತಾಯಮ್ಮ ಯಾಕೆ ಹತ್ತಲಿಲ್ಲ? ನನಗೆ ಗೊತ್ತಿಲ್ಲ.